ತಿರುಗುವ ಮೇಜಿನ ಮೇಲಿನ ಮೀನು

ಕಾರವಾರದ ಆ ಚೈನೀಸ್ ಹೋಟೆಲಿಗೆ ನಾವು ಹೋದದ್ದು ನೂಡಲ್ಸಿನ ಆಸೆಗಲ್ಲ. ನಮ್ಮ ಪೈಕಿಯವರು ಯಾರೂ ಅಲ್ಲಿಗೆ ಬರುವುದಿಲ್ಲ ಎಂಬ ಒಂದೇ ಗುಣಕ್ಕೆ ಅದನ್ನು ಆರಿಸಿದ್ದೆವು. ಆರಿಸಿದವರು ನಾನು ಮತ್ತು ಅತ್ತೆ. ಅತ್ತೆ ಎಂದರೆ ನನ್ನ ಸೋದರಮಾವನ ಹೆಂಡತಿ. ಮಾವ ಸ್ನಾನಕ್ಕೆ ಹೋದಾಗಲೆಲ್ಲ ಅವಳು ಶಿರವಾಡದ ಮನೆಯಿಂದ ನನಗೆ ಫೋನ್ ಮಾಡುತ್ತಿದ್ದಳು. ಮಾವನ ಸ್ನಾನ ಎರಡು ತಂಬಿಗೆಯದು. ಹಾಗಾಗಿ ನಮ್ಮ ಯೋಜನೆ ಪೂರ್ತಿಯಾಗಲು ತಿಂಗಳೇ ಹಿಡಿಯಿತು.

ಯೋಜನೆ ಇಷ್ಟೇ. ಮಾವನ ಕೈಯಿಂದ ನನ್ನ ಆಯಿಯ, ಎಂದರೆ ಅಮ್ಮನ, ತಟ್ಟೆಗೆ ಒಂದು ತುಂಡು ಮೀನು ಬೀಳಬೇಕು, ಅವಳು ಅದನ್ನು ತಿನ್ನಬೇಕು.

ಅಪ್ಪ ತೀರಿಕೊಂಡು ವರ್ಷ ದಾಟಿತ್ತು. ನಮ್ಮಲ್ಲಿ ಸಾವಾದ ಮನೆಗೆ ಹನ್ನೆರಡು ದಿನ ಮೀನು ಬರುವುದಿಲ್ಲ. ಆಮೇಲೆ ತವರಿನವರು ತರಬೇಕು. ಗಂಡನನ್ನು ಕಳೆದುಕೊಂಡವಳಿಗೆ ಅವಳ ಅಣ್ಣನೋ ತಮ್ಮನೋ ಮೊದಲ ತುಂಡನ್ನು ತನ್ನ ಕೈಯಾರೆ ಬಡಿಸಬೇಕು. ಅದನ್ನು ಅವಳು ತಿಂದ ಮೇಲೆಯೇ ಉಳಿದವರ ಊಟ. ಅಲ್ಲಿಗೆ ದುಃಖಕ್ಕೆ ಒಂದು ಗಡಿ ಹಾಕಿದಂತೆ, ಮನೆಯಲ್ಲಿ ಮತ್ತೆ ಒಲೆ ಎಂದಿನಂತೆ ಉರಿಯಬಹುದು. ತಮ್ಮ ಬಡಿಸದಿದ್ದರೆ ಏನು ಮಾಡಬೇಕು ಎಂದು ಹಿರಿಯರು ಹೇಳಿಟ್ಟಿಲ್ಲ, ಯಾಕೆಂದರೆ ಯಾರ ಮನೆಯಲ್ಲೂ ಹಾಗೆ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಆಯಿತು.

ಮಾವ ಬಂದರಿನ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಕಚೇರಿಯಲ್ಲಿ ಏನು ಮಾಡುತ್ತಿದ್ದ ಎಂದು ನಮಗೆ ಇಂದಿಗೂ ಗೊತ್ತಿಲ್ಲ, ಮೀನು ಮಾತ್ರ ಒಳ್ಳೆಯದು ತರುತ್ತಿದ್ದ. ಆದರೆ ಅಪ್ಪ ಹೋದದ್ದು ನಡು ಮಳೆಗಾಲದಲ್ಲಿ. ಬೋಟುಗಳೆಲ್ಲ ದಡದಲ್ಲಿ ತಾಡಪತ್ರಿ ಹೊದ್ದುಕೊಂಡು ಕುಳಿತಿದ್ದವು. ಹದಿಮೂರನೆಯ ದಿನ ಮಾವ ಬೆಳಗಾಗುವ ಮೊದಲೇ ಸ್ಕೂಟರ್ ಹತ್ತಿ ಕಾರವಾರದ ಪೇಟೆ ನೋಡಿ, ಹಟ್ಟಿಕೇರಿಯಲ್ಲಿ ಹೊಳೆಗೆ ಬಲೆ ಬೀಸುವವರನ್ನು ಕೇಳಿ, ಅಂಕೋಲೆಯ ಪೇಟೆ ತಿರುಗಿ, ಮಧ್ಯಾಹ್ನ ದಾಟಿದ ಮೇಲೆ ಅವರ್ಸಾದ ನಮ್ಮ ಮನೆಗೆ ಬಂದ. ಮೈಯೆಲ್ಲ ತೊಪ್ಪೆಯಾಗಿತ್ತು. ಅನ್ನ ಬೆಂದು ಆರಿತ್ತು, ನೆಂಟರೆಲ್ಲ ಜಗಲಿಯಲ್ಲಿ ಆಕಳಿಸುತ್ತ ಕೂತಿದ್ದರು. ಅವನು ಮೀನಿನ ಚೀಲವನ್ನು ಹಿತ್ತಿಲ ಕಲ್ಲಿನ ಮೇಲಿಟ್ಟ.

ಆಯಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ಆ ಹದಿಮೂರು ದಿನದಲ್ಲಿ ಅವಳು ಅತ್ತಿರಲಿಲ್ಲ, ಸರಿಯಾಗಿ ಮಾತೂ ಆಡಿರಲಿಲ್ಲ. ಎದ್ದು ನೋಡುವ ಗೋಜಿಗೂ ಹೋಗದೆ, ಕೂತಲ್ಲಿಂದಲೇ ಮೂಗು ಏರಿಸಿ ಒಂದು ಮಾತು ಹೇಳಿದಳು.

"ಇದು ಐಸಿಂದು."

ಅದು ಐಸಿನ ಮೀನೇ ಆಗಿತ್ತು, ದಿನಗಟ್ಟಲೆ ಮಂಜುಗಡ್ಡೆಯಲ್ಲಿಟ್ಟ ಹಳೆಯದು. ಆ ಮಳೆಯಲ್ಲಿ ಬೇರೆ ಯಾವುದು ಸಿಗಬೇಕು? ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು, ಮಾವನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ನಮ್ಮ ಕಡೆ ಒಬ್ಬ ಗಂಡಸನ್ನು ಸುಳ್ಳ ಎನ್ನಬಹುದು, ಸೋಮಾರಿ ಎನ್ನಬಹುದು, ಹೆಂಡತಿಗೆ ಹೆದರುವವ ಎಂದರೂ ನಕ್ಕು ಸುಮ್ಮನಾಗುತ್ತಾನೆ. ಅವನು ತಂದ ಮೀನನ್ನು ಐಸಿನದ್ದು ಎನ್ನಬಾರದು. ಅದೂ ಹತ್ತು ಜನರ ಎದುರು, ಅದೂ ಅಕ್ಕ, ಅದೂ ಅಂಥ ದಿನ. ಮಾವ ಕಲ್ಲಿನ ಕಡೆ ತಿರುಗಿದ. ಚೀಲ ಎತ್ತಿಕೊಂಡ, ಮತ್ತೆ ಸ್ಕೂಟರ್ ಹತ್ತಿದ, ಮಳೆಯಲ್ಲೇ ಹೋದ. ನೆಂಟರು ಸಾರು ಮತ್ತು ಬಟಾಟೆ ಪಲ್ಯದಲ್ಲಿ ಉಂಡು, ಬಸ್ಸಿನ ಹೊತ್ತಾಯಿತೆಂದು ಎದ್ದರು.

ಆಮೇಲೆ ಇಬ್ಬರೂ ಶಾಸ್ತ್ರ ಹಿಡಿದು ಕೂತರು. ಆಯಿಯನ್ನು ಕೇಳಿದರೆ, "ನಾ ಇದ್ದದ್ದ ಹೇಳ್ದೆ. ತವರಿನಂವ ತಾನಾಗೇ ಬರ್ಬೇಕು, ಕರ್ಸ್ಕಂಡು ಬರೂದಲ್ಲ" ಎನ್ನುತ್ತಿದ್ದಳು. ಮಾವನನ್ನು ಕೇಳಿದರೆ, "ನಾ ಒಮ್ಮೆ ಹೋಗಿ ಬಂದೆ. ಇನ್ನು ಅಕ್ಕ ಕರೀಲಿ" ಎನ್ನುತ್ತಿದ್ದನಂತೆ. ಆಯಿಯೇ ಶಿರವಾಡಕ್ಕೆ ಹೋಗುವಂತಿಲ್ಲ, ತಮ್ಮ ಬಂದು ಕರೆದುಕೊಂಡು ಹೋಗದೆ ಅವಳು ತವರಿನ ಹೊಸಿಲು ತುಳಿಯಬಾರದು. ಇಬ್ಬರ ಮಾತೂ ಸರಿಯಾಗಿತ್ತು. ಜಗಳದಲ್ಲಿ ಒಬ್ಬರದಾದರೂ ತಪ್ಪಿರಬೇಕು, ಆಗ ಮಾತ್ರ ನಡುವೆ ಕೈ ಹಾಕಲು ಜಾಗ ಸಿಗುತ್ತದೆ.

ನಾವು ಮಕ್ಕಳು ಹದಿನೈದು ದಿನ ತಡೆದುಕೊಂಡು, ಆಮೇಲೆ ಅಂಕೋಲೆಯ ನನ್ನ ಮನೆಯಲ್ಲಿ ಕಿಟಕಿ ಹಾಕಿಕೊಂಡು ಬಂಗಡೆ ಹುರಿದು ತಿಂದೆವು. ಅವರ್ಸಾದಲ್ಲಿ ಆಯಿ ಮಾತ್ರ ಮುಟ್ಟಲಿಲ್ಲ. ಹಾಗೆಂದು ಮೀನಿನ ಸಹವಾಸ ಬಿಟ್ಟಳೆಂದಲ್ಲ. ದಿನಾ ಬೆಳಿಗ್ಗೆ ಬುಟ್ಟಿಯವಳನ್ನು ಅಂಗಳಕ್ಕೆ ಕರೆದು, ಒಂದೊಂದೇ ಮೀನಿನ ಕಿವಿರು ಎತ್ತಿ ನೋಡಿ, ಗುಣದೋಷ ಹೇಳಿ, ಏನೂ ಕೊಳ್ಳದೆ ಕಳಿಸುತ್ತಿದ್ದಳು. ನನ್ನ ಮಕ್ಕಳು ಹೋದಾಗ ಸಿಗಡಿ ಸುಕ್ಕ ಮಾಡಿ ಬಡಿಸಿ, ತಾನು ಮೂಲೆಯಲ್ಲಿ ಮಜ್ಜಿಗೆ ಅನ್ನಕ್ಕೆ ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಏಳುತ್ತಿದ್ದಳು. ಬರಬರುತ್ತ ಮಜ್ಜಿಗೆ ಅನ್ನವೂ ಕಡಿಮೆಯಾಯಿತು. ಸಡಿಲವಾದ ಅವಳ ರವಿಕೆಯ ತೋಳಿಗೆ ಎರಡು ಸಲ ಹೊಲಿಗೆ ಹಾಕಿಕೊಟ್ಟೆ. ನೇರವಾಗಿಯೇ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಅಪ್ಪನ ಹಿಂದೆ ಇವಳೂ ಸದ್ದಿಲ್ಲದೆ ಹೊರಟಿದ್ದಾಳೆ ಎಂದು ಅನಿಸುತ್ತಿತ್ತು.

ಹಾಗಾಗಿ ಅವರ್ಸಾವೂ ಅಲ್ಲದ, ಶಿರವಾಡವೂ ಅಲ್ಲದ ಒಂದು ಜಾಗ ಬೇಕಾಯಿತು. ಕಾರವಾರದ ಮೀನೂಟದ ಹೋಟೆಲುಗಳು ಆಗುವುದಿಲ್ಲ, ಅಲ್ಲಿ ಪ್ರತಿ ಬೆಂಚಿಗೂ ಒಬ್ಬ ಸಂಬಂಧಿಕ ಇರುತ್ತಾನೆ. ಈ ಚೈನೀಸ್ ಹೋಟೆಲು ಹೊಸದು, ಎರಡನೆಯ ಮಾಳಿಗೆಯಲ್ಲಿ, ಸಮುದ್ರ ಕಾಣುವಂತೆ ಇತ್ತು. ನೌಕಾನೆಲೆಯ ಅಧಿಕಾರಿಗಳು, ಗೋವಾದಿಂದ ಕಾರಿನಲ್ಲಿ ಬರುವವರು ಅಲ್ಲಿ ಉಣ್ಣುತ್ತಾರೆಂದು ಅತ್ತೆ ವಿಚಾರಿಸಿ ತಿಳಿದುಕೊಂಡಿದ್ದಳು. ಸೋಮವಾರ, ಗುರುವಾರ, ಶನಿವಾರ ನಮ್ಮಲ್ಲಿ ಮೀನಿಲ್ಲ. ಮಂಗಳವಾರ ಸಂಕಷ್ಟಿ ಬಂದಿತ್ತು. ಭಾನುವಾರ ಎಂದು ನಿಶ್ಚಯಿಸಿದೆವು.

ನನಗೆ ಬಡ್ತಿ ಸಿಕ್ಕಿದೆ, ಅದಕ್ಕೆ ಊಟ ಎಂದು ಆಯಿಗೆ ಹೇಳಿದೆ. ಬಡ್ತಿ ಸಿಕ್ಕಿರಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಅತ್ತೆ ತನ್ನ ಹುಟ್ಟುಹಬ್ಬ ಎಂದು ಮಾವನಿಗೆ ಹೇಳಿದಳು. ಅವಳು ಹುಟ್ಟಿದ್ದು ಚೌತಿಯ ಹೊತ್ತಿಗೆ, ನಾವು ಹೋದದ್ದು ಶಿವರಾತ್ರಿ ಕಳೆದ ಮೇಲೆ. ಮಾವ ಏನೂ ಕೇಳದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡನಂತೆ. ನಾನು ಅವರ್ಸಾಕ್ಕೆ ಹೋದಾಗ ಆಯಿ ತಯಾರಾಗಿ ಜಗಲಿಯಲ್ಲಿ ಕೂತಿದ್ದಳು. ಉಟ್ಟದ್ದು ಒಂದು ಹಬ್ಬಕ್ಕೆ ಮಾವ ಕೊಟ್ಟ ಸೀರೆ. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವಳು ನೋಡಿದಳು, ಕಾರು ಹೊರಟಿತು.

ಹೋಟೆಲಿನ ಬಾಗಿಲು ಗಾಜಿನದು. ಒಳಗೆ ಹಗಲಲ್ಲೂ ಕತ್ತಲೆ, ಮೇಲೆ ಕೆಂಪು ಗೂಡುದೀಪಗಳು. ಎಸಿ ಎಷ್ಟಿತ್ತೆಂದರೆ ಆಯಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಅತ್ತೆ ಮತ್ತು ಮಾವ ಮೊದಲೇ ಬಂದು ದುಂಡು ಮೇಜಿನ ಆಚೆ ಬದಿ ಕೂತಿದ್ದರು.

"ಅರೇ, ಅತ್ತಿಗೆ, ನೀವು ಇಲ್ಲಿ!" ಎಂದಳು ಅತ್ತೆ. ಅವಳಿಗೆ ನಟನೆ ಬರುವುದಿಲ್ಲವೆಂದು ನನಗೆ ಆಗಲೇ ತಿಳಿದದ್ದು.

ಆಯಿ, "ಹೂಂ" ಎಂದಳು. ಮಾವ, "ಹೂಂ" ಎಂದ. ವರ್ಷದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು. ನನಗೂ ಅತ್ತೆಗೂ ಬಹಳ ಸಮಾಧಾನವಾಯಿತು.

ಆ ದುಂಡು ಮೇಜಿನ ನಡುವೆ ಇನ್ನೊಂದು ದುಂಡು ಗಾಜು. ಅದು ತಿರುಗುತ್ತದೆ. ಪದಾರ್ಥಗಳನ್ನೆಲ್ಲ ಅದರ ಮೇಲಿಡುತ್ತಾರೆ, ಬೇಕಾದವರು ಗಾಜನ್ನು ತಮ್ಮ ಕಡೆ ತಿರುಗಿಸಿಕೊಂಡು ಬಡಿಸಿಕೊಳ್ಳಬೇಕು. ಯಾರಿಗೂ ಯಾರೂ ಬಡಿಸುವ ಪ್ರಮೇಯವಿಲ್ಲ. ಹೋಟೆಲು ಆರಿಸುವಾಗ ಎಲ್ಲವನ್ನೂ ವಿಚಾರಿಸಿದ್ದ ನಾವು ಇದೊಂದನ್ನು ವಿಚಾರಿಸಿರಲಿಲ್ಲ.

ಬಡಿಸುವವನು ಈಶಾನ್ಯದ ಯಾವುದೋ ಗುಡ್ಡದ ಊರಿನವನು, ಮೆತ್ತಗೆ ಹಿಂದಿ ಮಾತಾಡುತ್ತಿದ್ದ. ಮೊದಲು ಹಾಲು ಸಕ್ಕರೆ ಇಲ್ಲದ ಚಹಾ ತಂದಿಟ್ಟ. ಅತ್ತೆ ಅದನ್ನು ಕೈ ತೊಳೆಯುವ ನೀರೋ ಎಂದು ಸ್ವಲ್ಪ ಹೊತ್ತು ಅನುಮಾನಿಸಿ, ನಾನು ಕುಡಿದ ಮೇಲೆ ಕುಡಿದಳು. ಆಮೇಲೆ ಅವನು ನಿಂಬೆ ಸೋಡಾ ತಂದು, ಚಿಮಟದಲ್ಲಿ ಒಂದು ಗಡ್ಡೆ ಹಿಡಿದು, ಆಯಿಯ ಲೋಟದ ಮೇಲೆ ಬಾಗಿ ಕೇಳಿದ.

"ಮೇಡಂ, ಐಸ್?"

ಮಾವ ಕಿಟಕಿಯಾಚೆ ಸಮುದ್ರ ನೋಡಿದ. ಆಯಿ ಗೂಡುದೀಪ ನೋಡಿದಳು. "ಬೇಡ" ಎಂದು ನಾನು ಮತ್ತು ಅತ್ತೆ ಒಟ್ಟಿಗೇ ಹೇಳಿದೆವು. ಅವನು ಆ ಗಡ್ಡೆಯನ್ನು ಹಿಡಿದುಕೊಂಡೇ ಹಿಂದೆ ಸರಿದ.

ಇಡೀ ಮೀನನ್ನು ಹಬೆಯಲ್ಲಿ ಬೇಯಿಸಿ ಕೊಡುವುದು ಆ ಹೋಟೆಲಿನ ಹೆಚ್ಚುಗಾರಿಕೆಯಂತೆ. ಅಂದಿನ ಮೀನು ಚೊಣಕ್. ಕಾಳಿ ನದಿಯ ಅಳಿವೆಯಲ್ಲಿ ಸಿಗುವ ದೊಡ್ಡ ಮೀನು ಅದು, ಮಾವನ ಪ್ರಕಾರ ಅದಕ್ಕಿಂತ ಮೇಲಿನದು ನೀರಲ್ಲಿ ಇಲ್ಲ. ನಾನು ಅದನ್ನೇ ತರಲು ಹೇಳಿದೆ. ಬೇಯಿಸುವ ಮೊದಲು ನೋಡಬೇಕೆಂದು ಮಾವ ಹೇಳಿದ. ಬಡಿಸುವವನು ತಟ್ಟೆಯೊಂದರಲ್ಲಿ ಇಡೀ ಮೀನು ಇಟ್ಟುಕೊಂಡು ಬಂದ. ಮಾವ ಊಟಕ್ಕೆಂದು ಇಟ್ಟಿದ್ದ ಎರಡು ಕಡ್ಡಿಗಳಲ್ಲಿ ಒಂದನ್ನು ತೆಗೆದುಕೊಂಡು ಕಿವಿರು ಎತ್ತಿ ನೋಡಿದ. ಆ ದಿನ ನಮ್ಮ ಮೇಜಿನಲ್ಲಿ ಆ ಕಡ್ಡಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಕಿವಿರು ಕಂದು ಬಣ್ಣಕ್ಕೆ ತಿರುಗಿತ್ತು. ಕಣ್ಣು ಒಳಗೆ ಹೋಗಿತ್ತು. ನನಗೇ ಗೊತ್ತಾಯಿತು, ಆಯಿಗೆ ಗೊತ್ತಾಗದೆ ಇರುತ್ತದೆಯೆ? ಆ ಮೀನು ನದಿ ಬಿಟ್ಟು ಎಷ್ಟೋ ದಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಇಷ್ಟು ದೂರ ಬಂದು, ಇಷ್ಟು ಸುಳ್ಳು ಹೇಳಿ, ಮತ್ತೆ ಅದೇ ಹಿತ್ತಿಲ ಕಲ್ಲಿನ ಮುಂದೆ ಬಂದು ನಿಂತಿದ್ದೆವು.

"ಆಗ್ಬಹುದು" ಎಂದ ಮಾವ, ಯಾರ ಮುಖವನ್ನೂ ನೋಡದೆ.

ಮೊದಲು ಬಂದದ್ದು ಸೂಪು, ಗೋಬಿ, ತರಕಾರಿ ನೂಡಲ್ಸ್, ಬಿಳಿ ಅನ್ನ. ಕೊನೆಗೆ ಉದ್ದನೆಯ ತಟ್ಟೆಯಲ್ಲಿ ಮೀನು ಬಂತು, ಮೇಲೆ ಶುಂಠಿ, ಹಸಿರು ಈರುಳ್ಳಿ, ಕರಿ ನೀರಿನಂಥ ಸಾರು. ಬಡಿಸುವವನು ಎರಡು ಚಮಚ ಹಿಡಿದು ಬೆನ್ನಿನ ಒಳ್ಳೆಯ ತುಂಡೊಂದನ್ನು ಚೊಕ್ಕಟವಾಗಿ ಬಿಡಿಸಿ, ಹಿರಿಯರಿಗೆ ಮೊದಲೆಂದು ಆಯಿಯ ತಟ್ಟೆಯ ಕಡೆ ತಂದ. ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟಳು. ನಾನು ತಟ್ಟೆಗೆ ಕೈ ಅಡ್ಡ ಇಟ್ಟೆ. ತುಂಡು ನನ್ನ ಮುಂಗೈ ಮೇಲೆ ಬಿತ್ತು. ಸುಡುತ್ತಿತ್ತು.

"ನಾವೇ ಬಡಿಸಿಕೊಳ್ಳುತ್ತೇವೆ" ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವನು ನನ್ನ ಕೈ ಒರೆಸಲು ಬಟ್ಟೆ ಕೊಟ್ಟು, ದೂರ ಗೋಡೆಗೆ ಹೋಗಿ ನಿಂತ.

ಆಮೇಲೆ ಗಾಜು ತಿರುಗತೊಡಗಿತು. ನಾನು ಮೀನನ್ನು ಮಾವನ ಮುಂದೆ ನಿಲ್ಲಿಸಿದೆ. ಅವನು ಗೋಬಿ ಬೇಕೆಂದು ಗಾಜು ತಿರುಗಿಸಿದ, ಮೀನು ಆಯಿಯ ಮುಂದೆ ಬಂತು. ಅವಳು ಅನ್ನ ಬೇಕೆಂದು ತಿರುಗಿಸಿದಳು, ಮೀನು ಅತ್ತೆಯ ಮುಂದೆ ಹೋಯಿತು. ಅತ್ತೆ ಅದನ್ನು ಮತ್ತೆ ಮಾವನ ಕಡೆ ನೂಕಿದಳು. ಅವನಿಗೆ ಈಗ ನೂಡಲ್ಸ್ ಬೇಕಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಲು ಯಾರೂ ಬಾರದ ಪಾರ್ಸೆಲಿನ ಹಾಗೆ ಆ ಮೀನು ಸುತ್ತುತ್ತಲೇ ಇತ್ತು. ಪಕ್ಕದ ಮೇಜಿನ ಒಂದು ಸಂಸಾರ ಉಣ್ಣುವುದು ಬಿಟ್ಟು ನಮ್ಮನ್ನೇ ನೋಡುತ್ತಿತ್ತು. ಗಾಜು ತಿರುಗಿಸುವುದೇ ನಮ್ಮ ಕಡೆಯ ಊಟವೆಂದು ಅವರು ತಿಳಿದುಕೊಂಡಿರಬಹುದು.

ಮಾವ ಗೋಬಿಯನ್ನೇ ತಿನ್ನುತ್ತಿದ್ದ. ಮೀನಿಲ್ಲದೆ ತುತ್ತು ಎತ್ತದ ಮನುಷ್ಯ ಹಾಗೆ ತಲೆ ಬಗ್ಗಿಸಿ ಹೂಕೋಸು ಅಗಿಯುವುದನ್ನು ನೋಡಿ ನನಗೆ ಸಿಟ್ಟು ಬಂತು. ನನ್ನ ಆಯಿ ಕಡ್ಡಿಯಾಗಿ ಎದುರಿಗೆ ಕೂತಿದ್ದಾಳೆ, ಇವನಿಗೆ ಒಂದು ತುಂಡು ಎತ್ತಿ ಹಾಕಲು ಕೈ ಬರುವುದಿಲ್ಲ, ಹಠ ನೋಡು ಎಂದುಕೊಂಡೆ. ಆಯಿಯೂ ಅವನ ತಟ್ಟೆಯನ್ನೇ ನೋಡುತ್ತಿದ್ದಳೆಂದು ಕಾಣುತ್ತದೆ.

"ಎಂತಕೆ ಆ ಗೋಬಿ ತಿಂತೆ ನೀನು?" ಎಂದು ಇದ್ದಕ್ಕಿದ್ದಂತೆ ಕೇಳಿದಳು. "ಮೀನ್ ಹಾಕ್ಕಳೂಕೆ ಎಂತಾಗದೆ?"

ಉತ್ತರ ಕೊಟ್ಟದ್ದು ಅತ್ತೆ. ಅವಳು ಆ ಹೊತ್ತಿಗೆ ಯೋಜನೆಯನ್ನೂ ನಟನೆಯನ್ನೂ ಕೈಬಿಟ್ಟಿದ್ದಳು.

"ಇವ್ರೆಲ್ಲಿ ತಿಂತ್ರು ಅತ್ತಿಗೆ. ಅಂದು ನಿಮ್ಮನೆಯಿಂದ ಬಂದಂವ್ರು ಆ ಚೀಲಾನ ಹಾಂಗೇ ನಾಯಿಗೆ ಹಾಕಿದ್ರು. ಅಂದಿಂದ ಮುಟ್ಟಿಲ್ಲ. ಅಕ್ಕನ ಎಲೆಗೆ ಬೀಳದ್ದು ನನ್ನ ಎಲೆಗೆ ಎಂತಕೆ ಅಂತ್ರು. ನಾ ನಂಗೊಬ್ಳಿಗೇ ಮಾಡ್ಕಂಡು ತಿಂತೆ, ಗಂಟಲಲ್ಲಿ ಇಳಿಯೂದಿಲ್ಲ."

ಅತ್ತೆ ಇದನ್ನು ನನಗೂ ಹೇಳಿರಲಿಲ್ಲ. ಎರಡು ತಂಬಿಗೆಯ ಸ್ನಾನದಲ್ಲಿ ಹೇಳಲು ಹೊತ್ತು ಸಿಕ್ಕಿರಲಿಕ್ಕಿಲ್ಲ. ಮಾವ ಗೋಬಿಯ ತುಂಡೊಂದನ್ನು ತಟ್ಟೆಯ ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ ಸರಿಸುತ್ತ ಕೂತ. ಅವನ ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಗಿದ್ದುದು ನನಗೆ ಆಗ ಕಂಡಿತು. ಅವನೂ ಇಳಿದುಹೋಗಿದ್ದ. ನನ್ನ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಆಯಿ ಗಾಜಿನ ಅಂಚಿಗೆ ಎರಡು ಬೆರಳಿಟ್ಟು ಮೆಲ್ಲನೆ ತಿರುಗಿಸಿದಳು. ಮೀನು ಅರ್ಧ ಸುತ್ತು ಹೋಗಿ ಮಾವನ ಮುಂದೆ ನಿಂತಿತು. ಅವಳು ಬೆರಳು ತೆಗೆಯಲಿಲ್ಲ. ಇನ್ನು ಯಾರಿಗೆ ಏನು ಬೇಕೆಂದರೂ ಆ ಗಾಜು ಅಲ್ಲಾಡುವಂತಿರಲಿಲ್ಲ.

"ತಮ್ಮಾ, ಬಡ್ಸು" ಎಂದಳು.

ಮಾವ ಚಮಚ ಮುಟ್ಟಲಿಲ್ಲ. ಬರಿಗೈಯಲ್ಲಿ ಹೊಟ್ಟೆಯ ಕಡೆಯ ತುಂಡು ಬಿಡಿಸಿ, ಎದ್ದು, ಮೇಜು ಸುತ್ತಿ ಬಂದು ಆಯಿಯ ತಟ್ಟೆಯಲ್ಲಿಟ್ಟ. ಕರಿ ಸಾರು ಬಿಳಿ ಮೇಜುಬಟ್ಟೆಯ ಮೇಲೆ ಅವನು ನಡೆದ ಉದ್ದಕ್ಕೂ ತೊಟ್ಟಿಕ್ಕಿತು. ಬಡಿಸಿ ಅಲ್ಲೇ ನಿಂತ. ಕೈ ಒರೆಸಿಕೊಳ್ಳಲೂ ಇಲ್ಲ.

ಆಯಿ ಮುಳ್ಳು ತೆಗೆದಳು. ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ಮಾವ ಅವಳ ದವಡೆಯನ್ನೇ ನೋಡುತ್ತಿದ್ದ. ನಾನು ಮತ್ತು ಅತ್ತೆ ಮೇಜಿನ ಕೆಳಗೆ ಕೈ ಕೈ ಹಿಡಿದುಕೊಂಡಿದ್ದೆವು. ಅವಳ ನಾಲಗೆ ನಮಗೆ ಗೊತ್ತು. ಅದು ಅಪ್ಪ ಸತ್ತ ಹದಿಮೂರನೆಯ ದಿನವೂ ಇದ್ದದ್ದನ್ನೇ ಹೇಳಿದ ನಾಲಗೆ.

"ತಾಜಾ ಅದೆ" ಎಂದಳು ಆಯಿ.

ಮಾವ ಆಗ ಕೈ ಒರೆಸಿಕೊಂಡ. ಆಮೇಲೆ, "ಹೌದು, ಇವತ್ತಿಂದೇ" ಎಂದ. ತನ್ನ ಕುರ್ಚಿಗೆ ಹೋಗಿ ಕೂತು, ಮೀನಿನ ತಲೆಯನ್ನೇ ತಟ್ಟೆಗೆ ಎಳೆದುಕೊಂಡು, ಕಿವಿರಿನವರೆಗೆ ಚೀಪಿ ತಿಂದ. ಆಯಿ ಇನ್ನೆರಡು ತುಂಡು ಹಾಕಿಸಿಕೊಂಡಳು, ಎರಡನ್ನೂ ಅವನೇ ಎದ್ದು ಬಂದು ಬಡಿಸಿದ. ಶುಂಠಿ ಜಾಸ್ತಿಯಾಯಿತು, ತೆಂಗಿನಕಾಯಿಯೇ ಇಲ್ಲ, ಹುಳಿ ಇಲ್ಲ ಎಂದು ಅವಳು ಅಡುಗೆಯನ್ನು ಒಂದೊಂದಾಗಿ ಬೈದಳು. ಮೀನಿನ ಬಗ್ಗೆ ಮತ್ತೆ ಒಂದು ಮಾತೂ ಆಡಲಿಲ್ಲ. ಗೋಡೆಯ ಹತ್ತಿರ ನಿಂತಿದ್ದವನು ಬಂದು ಊಟ ಹೇಗಿತ್ತೆಂದು ಕೇಳಿದಾಗ ಅತ್ತೆ ಕಣ್ಣೊರೆಸಿಕೊಂಡು ಒಳ್ಳೆಯದಿತ್ತು ಎಂದಳು. ಖಾರ ಹೆಚ್ಚಾಯಿತೇ ಎಂದು ಅವನು ಗಾಬರಿಯಾದ.

ಕೆಳಗೆ ಕಾರಿನ ಹತ್ತಿರ ಮಾವ, "ಬರೂ ಭಾನ್ವಾರ ಬತ್ತೆ, ಅವರ್ಸಾಕ್ಕೆ" ಎಂದ. ಆಯಿ, "ಬಾ" ಎಂದಳು. ಏನು ತರುತ್ತೇನೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಕಾರು ದಾರಿಯ ಬಿಣಗಾ ಊರನ್ನು ದಾಟಿತು.

"ಎಂಟು ದಿನದ್ದಾದ್ರೂ ಹೌದು ಅದು" ಎಂದಳು ಆಯಿ.

"ಮತ್ತೆ ತಾಜಾ ಅಂದ್ಯಲ್ಲ?"

"ಅಂದೇ ಹಾಂಗೆ ಹೇಳ್ಬೇಕಾಗಿತ್ತು. ಪಾಪ, ಮಳೇಲಿ ನೆನೆದ್ಕಂಡು ಬಂದಿದ್ದ. ನಿನ್ನಪ್ಪ ಇದ್ದಿದ್ರೆ ನನ್ನ ಬಾಯಿಗೆ ಕೈ ಅಡ್ಡ ಇಡ್ತಿದ್ರು."

ಅಷ್ಟು ಹೇಳಿ ಅವಳು ಅಳತೊಡಗಿದಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಕಣ್ಣೂ ಮಂಜಾಗಿತ್ತು. ಅವರ್ಸಾ ಬೇಗ ಬಂದುಬಿಡಬಾರದೆಂದು ಕಾರನ್ನು ರಸ್ತೆಯ ಎಡಕ್ಕೆ ತೆಗೆದುಕೊಂಡು ನಿಧಾನವಾಗಿ ಓಡಿಸಿದೆ.